ಬೈಗುಳದ ವಿಷ ಇರುವುದೆಲ್ಲಿ?

ಕೆಲವು ಬೈಗುಳಗಳು ಬಳಸಿ ಬಳಸಿ ಸವೆಯುತ್ತವೆ. ಇನ್ನು ಕೆಲವು ಎಷ್ಟು ಶತಮಾನ ಕಳೆದರೂ ಮೊನೆ ಕಳೆದುಕೊಳ್ಳುವುದಿಲ್ಲ. ಈ ವ್ಯತ್ಯಾಸದ ಕಾರಣ ನಿಘಂಟಿನಲ್ಲಿ ಸಿಗುವುದಿಲ್ಲ.

ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ದಶಕಗಳಿಂದ ಬದಲಾಗದೆ ಉಳಿದಿರುವ ನುಡಿಗಟ್ಟೊಂದಿದೆ: ‘ಅವಾಚ್ಯ ಶಬ್ದಗಳಿಂದ ನಿಂದಿಸಿ’. ಹೊಲದ ಬದುವಿನ ಜಗಳವಿರಲಿ, ನಲ್ಲಿ ನೀರಿನ ಸರದಿಯ ತಂಟೆಯಿರಲಿ, ವಾಹನ ತಾಗಿತೆಂದು ನಡುರಸ್ತೆಯಲ್ಲಿ ಕೈಕೈ ಮಿಲಾಯಿಸಿದ ಪ್ರಸಂಗವಿರಲಿ, ಹಲ್ಲೆಯ ವಿವರಕ್ಕೆ ಮುನ್ನ ಈ ಮಾತು ಬಂದೇ ಬರುತ್ತದೆ. ಅವಾಚ್ಯ ಎಂದರೆ ನುಡಿಯಬಾರದ್ದು. ಆದರೆ ಅದನ್ನು ಯಾರೋ ನುಡಿದಿದ್ದಾರೆ, ಹತ್ತಾರು ಜನ ಕೇಳಿದ್ದಾರೆ, ಠಾಣೆಯ ದೂರಿನಲ್ಲಿ ಅದು ಅಕ್ಷರಶಃ ದಾಖಲಾಗಿರುತ್ತದೆ. ಓದುಗನನ್ನು ತಲುಪುವಾಗ ಮಾತ್ರ ಅದರ ಮೇಲೊಂದು ಪರದೆ ಬೀಳುತ್ತದೆ. ಆ ಪರದೆಯ ಹಿಂದೆ ಏನಿದೆ ಎಂಬುದು ಓದುಗನಿಗೂ ಗೊತ್ತು. ಹಾಗಿದ್ದ ಮೇಲೆ, ಎಲ್ಲರಿಗೂ ಗೊತ್ತಿರುವ ಒಂದು ಶಬ್ದ ಅಷ್ಟೊಂದು ನೋಯಿಸುವುದೇಕೆ? ನೋಯಿಸುವ ಶಕ್ತಿ ಅದರ ಧ್ವನಿಯಲ್ಲಿದೆಯೇ, ಅರ್ಥದಲ್ಲಿದೆಯೇ, ಆಡಿದವನ ಉದ್ದೇಶದಲ್ಲಿದೆಯೇ?

ಇದು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಪದೇ ಪದೇ ಎದುರಿಸಿವೆ. ಜಾತಿಯ ಹೆಸರು ಹಿಡಿದು ಹೀಯಾಳಿಸಿದ್ದಕ್ಕೆ ಶಿಕ್ಷೆಯಾಗಬೇಕೇ ಎಂಬುದರಿಂದ ಹಿಡಿದು, ಧಾರಾವಾಹಿಯ ಪಾತ್ರವೊಂದು ಹೊಲಸು ಮಾತು ಆಡಬಹುದೇ ಎಂಬುದರವರೆಗೆ ಅನೇಕ ವ್ಯಾಜ್ಯಗಳು ಇದರ ಸುತ್ತಲೇ ನಡೆದಿವೆ. ಆದ್ದರಿಂದ ಸ್ವಲ್ಪ ಮುಜುಗರವಾದರೂ ಪರದೆಯನ್ನು ಸರಿಸಿ ನೋಡುವುದು ಅಗತ್ಯ.

ಅರ್ಥವೊಂದೇ ಸಾಲದು

ಮೊದಲು ಹೊಳೆಯುವ ಉತ್ತರ ಅರ್ಥದ್ದು. ಕೆಟ್ಟ ಅರ್ಥವಿರುವ ಶಬ್ದ ಕೆಟ್ಟ ಶಬ್ದ ಎಂದು ಸರಳವಾಗಿ ಹೇಳಿಬಿಡಬಹುದು. ಆದರೆ ‘ವಿಧವೆ’ ಮತ್ತು ‘ಮುಂಡೆ’ ಎಂಬ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟರೆ ಈ ಉತ್ತರ ಕುಸಿಯುತ್ತದೆ. ಎರಡೂ ಗಂಡನನ್ನು ಕಳೆದುಕೊಂಡ ಹೆಣ್ಣನ್ನೇ ಸೂಚಿಸುತ್ತವೆ. ಮೊದಲನೆಯದು ಸರ್ಕಾರದ ವೇತನದ ಅರ್ಜಿಯಲ್ಲಿ ನಿಸ್ಸಂಕೋಚವಾಗಿ ಅಚ್ಚಾಗುತ್ತದೆ. ಎರಡನೆಯದು ಬೀದಿ ಜಗಳದ ಸೊತ್ತು. ಸಂಸ್ಕೃತದಲ್ಲಿ ಮುಂಡ ಎಂದರೆ ಬೋಳಿಸಿದ ತಲೆ. ಸನ್ಯಾಸಿಯದೂ ಅಂಥದೇ ತಲೆ. ‘ಮುಂಡಕ’ ಎಂಬ ಹೆಸರಿನ ಉಪನಿಷತ್ತೇ ಇದೆ. ಗಂಡಸು ತಾನಾಗಿ ತಲೆ ಬೋಳಿಸಿಕೊಂಡರೆ ಅದು ವೈರಾಗ್ಯ ಎನಿಸಿಕೊಂಡಿತು. ಹೆಣ್ಣಿನ ತಲೆಯನ್ನು ಬೇರೆಯವರು ಬೋಳಿಸಿದಾಗ ಆಕೆಯ ಹೆಸರೇ ಬೈಗುಳವಾಯಿತು. ಕ್ಷೌರದ ಕತ್ತಿ ಒಂದೇ, ಅದರ ಕೆಳಗೆ ಕುಳಿತವರ ಸ್ಥಾನ ಮಾತ್ರ ಬೇರೆ.

ಕನ್ನಡದ ಅತ್ಯಂತ ಪ್ರಚಲಿತ ಬೈಗುಳಗಳಲ್ಲಿ ಒಂದಾದ ‘ಸೂಳೆ’ ಎಂಬ ಪದದ ಚರಿತ್ರೆ ಇನ್ನೂ ಬೋಧಪ್ರದವಾಗಿದೆ. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ, ಸುಮಾರು 1300 ವರ್ಷಗಳಷ್ಟು ಹಳೆಯ ಕನ್ನಡ ಶಾಸನವೊಂದಿದೆ. ದೊರೆಯ ಪ್ರಾಣವಲ್ಲಭೆಯಾದ ವಿನಾಪೋಟಿ ದೇವಾಲಯಕ್ಕೆ ನೀಡಿದ ದಾನವನ್ನು ಅದು ದಾಖಲಿಸುತ್ತದೆ. ಆಕೆಯನ್ನು ಅದು ಕರೆಯುವುದು ‘ಸೂಳೆಯರ್’ ಎಂದು. ಅಲ್ಲಿರುವುದು ಗೌರವಸೂಚಕ ಬಹುವಚನ ಎಂಬುದನ್ನು ಗಮನಿಸಬೇಕು. ಇಂದು ಒಬ್ಬರ ಮೇಲೆ ಎಸೆದರೆ ಕೈ ಮೇಲೇಳುವ ಪದವನ್ನು ಆ ಶಾಸನಕವಿ ರಾಜಪರಿವಾರದ ದಾನಿಯೊಬ್ಬಳಿಗೆ ಮರ್ಯಾದೆಯಿಂದಲೇ ಬಳಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬಾಕೆ ಇದ್ದಳು. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ಹಂಪಿಯ ಅಚ್ಯುತರಾಯ ದೇವಾಲಯದ ಎದುರಿನ ಬೀದಿಗೆ ‘ಸೂಳೆ ಬಜಾರು’ ಎಂಬ ಹೆಸರಿದೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಸೂಳೇಭಾವಿ ಎಂಬ ಊರುಗಳಿವೆ. ಆದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ‘ಶಾಂತಿಸಾಗರ’ ಎಂಬ ಇನ್ನೊಂದು ಹೆಸರೂ ಅಂಟಿಕೊಂಡಿದೆ. ದಾಖಲೆ, ಫಲಕಗಳ ನಾಲಿಗೆಗೆ ಈ ಎರಡನೆಯದೇ ಹಿತ. ಪದ ಅದೇ, ಆ ಪದ ಸೂಚಿಸುತ್ತಿದ್ದ ಹೆಣ್ಣಿನ ಸಾಮಾಜಿಕ ಸ್ಥಾನ ಕುಸಿದಂತೆ ಪದವೂ ಕೆಸರಿಗೆ ಬಿತ್ತು.

ಗೌರವದ ಬಿರುದೇ ನಿಂದೆಯಾದ ಉದಾಹರಣೆಯೂ ಇದೆ. ‘ದೇವಾನಾಂಪ್ರಿಯ’ ಎಂಬುದು ಮೌರ್ಯ ಚಕ್ರವರ್ತಿ ಅಶೋಕನ ಬಿರುದು. ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ಪತ್ತೆಯಾದದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆದರೆ ನಂತರದ ಸಂಸ್ಕೃತ ವೈಯಾಕರಣರ ಕೈಯಲ್ಲಿ, ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯ ಹೊತ್ತಿಗೆ, ಅದೇ ಪದಕ್ಕೆ ಮೂರ್ಖ ಎಂಬ ಅರ್ಥ ಬಂದಿತ್ತು. ದೇವತೆಗಳಿಗೆ ಪ್ರಿಯನಾದವನು ಎಂಬ ಅಕ್ಷರಾರ್ಥ ಮಾತ್ರ ಹಾಗೆಯೇ ಇದೆ.

ಅಕ್ಷರಾರ್ಥವೇ ಇಲ್ಲದ ನಿಂದೆಯೂ ಸಾಧ್ಯ. ಲಿಂಗತ್ವ ಅಲ್ಪಸಂಖ್ಯಾತರನ್ನು ಬೀದಿಯಲ್ಲಿ ಚುಡಾಯಿಸಲು ‘ಒಂಬತ್ತು’ ಎನ್ನುವ ರೂಢಿ ಕನ್ನಡನಾಡಿನಲ್ಲಿದೆ. ಒಂಬತ್ತು ಒಂದು ಅಂಕಿ. ಮಗ್ಗಿಯಲ್ಲಿ, ಬಸ್ಸಿನ ಹಲಗೆಯಲ್ಲಿ, ಮನೆಯ ಬಾಗಿಲಲ್ಲಿ ಅದು ಯಾರಿಗೂ ನೋವು ಮಾಡುವುದಿಲ್ಲ. ಆದರೆ ಒಬ್ಬರ ಬೆನ್ನ ಹಿಂದೆ ಅದನ್ನು ಕೂಗಿ ನಕ್ಕಾಗ, ಯಾವ ಹೊಲಸು ಪದಕ್ಕೂ ಕಡಿಮೆಯಿಲ್ಲದಂತೆ ಅದು ಇರಿಯುತ್ತದೆ.

ಬೈಸಿಕೊಳ್ಳುವವನೊಬ್ಬ, ನೋಯುವವಳೊಬ್ಬಳು

ಹಾಗೆ ನೋಡಿದರೆ ಕನ್ನಡದ ಬೈಗುಳಗಳ ಭಂಡಾರದಲ್ಲಿ ದೊಡ್ಡ ಪಾಲು ಹೆಣ್ಣಿನದು. ಇಬ್ಬರು ಗಂಡಸರು ಜಗಳವಾಡುವಾಗ ಒಬ್ಬ ಇನ್ನೊಬ್ಬನನ್ನು ಬೈಯುವುದು ಅವನ ತಾಯಿಯ ಮೂಲಕ. ಬೋಳಿಯ ಮಗ, ಮುಂಡೆಯ ಮಗ, ಸೂಳೆಯ ಮಗ ಎಂಬ ಮಾತುಗಳ ಗುರಿ ಎದುರಿಗೆ ನಿಂತಿರುವ ಗಂಡು. ಆದರೆ ಗಾಯವಾಗುವುದು ಅಲ್ಲಿ ಇಲ್ಲದ, ಜಗಳಕ್ಕೆ ಸಂಬಂಧವೇ ಇಲ್ಲದ ಹೆಣ್ಣಿಗೆ. ಈ ಬೈಗುಳಗಳು ನಾಟುವುದು ಒಂದು ನಂಬಿಕೆಯ ಬಲದಿಂದ: ಗಂಡಿನ ಮರ್ಯಾದೆ ಅವನ ಮನೆಯ ಹೆಣ್ಣಿನ ದೇಹದಲ್ಲಿದೆ ಎಂಬ ನಂಬಿಕೆ. ಬೈಯುವವನೂ ಬೈಸಿಕೊಳ್ಳುವವನೂ ಅದನ್ನು ಸಮಾನವಾಗಿ ಒಪ್ಪಿಕೊಂಡಿರುವುದರಿಂದಲೇ ಬಾಣ ಗುರಿ ಮುಟ್ಟುತ್ತದೆ. ಆ ಮಟ್ಟಿಗೆ ಇಬ್ಬರು ವೈರಿಗಳ ನಡುವಿನ ಅತ್ಯಂತ ಗಟ್ಟಿಯಾದ ಒಪ್ಪಂದ ಬೈಗುಳದಲ್ಲಿಯೇ ಇದೆ.

ವಿಧವೆಯರ ಪುನರ್ವಿವಾಹಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದು 1856ರಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಬಾಲವಿಧವೆಯ ಬದುಕನ್ನು ಕನ್ನಡದ ಓದುಗರ ಮುಂದಿಟ್ಟಿದ್ದು 1899ರಲ್ಲಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಇಷ್ಟರಲ್ಲಿ ಕೇಶಮುಂಡನದ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು. ಅದನ್ನು ಕಣ್ಣಾರೆ ಕಂಡ ತಲೆಮಾರೂ ಕರಗುತ್ತಿದೆ. ಆದರೆ ಆ ಪದ್ಧತಿಯಿಂದ ಹುಟ್ಟಿದ ಬೈಗುಳ ಮಾತ್ರ ಇನ್ನೂ ಜೀವಂತವಾಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ‘ಮುಂಡೇದು’ ಎಂಬುದು ತುಂಟ ಮಗುವಿನಿಂದ ಹಿಡಿದು ಕೈಕೊಟ್ಟ ಸ್ಕೂಟರಿನವರೆಗೆ ಯಾರಿಗೆ, ಯಾವುದಕ್ಕೆ ಬೇಕಾದರೂ ಒದಗುವ, ಅರ್ಧ ಪ್ರೀತಿಯ ಮಾತಾಗಿಬಿಟ್ಟಿದೆ. ಹೀಗೆ ಮಾತನಾಡುವವರಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ವಿಧವೆಯ ಚಿತ್ರವೇ ಸುಳಿಯುವುದಿಲ್ಲ.

ಬೈಗುಳ ಸವೆಯುವುದು ಹೀಗೆ. ಇದಕ್ಕೆ ಮನೋವಿಜ್ಞಾನದ ಸಮರ್ಥನೆಯೂ ಇದೆ. ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡ ಕೆಲವು ರೋಗಿಗಳು ಒಂದು ವಾಕ್ಯ ರಚಿಸಲಾರದಿದ್ದರೂ ಬೈಗುಳಗಳನ್ನು ಸರಾಗವಾಗಿ ಆಡಬಲ್ಲರು ಎಂಬುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಬೈಗುಳ ಎಷ್ಟೋ ವೇಳೆ ಅರ್ಥವುಳ್ಳ ಮಾತಿಗಿಂತ ಉದ್ಗಾರಕ್ಕೆ ಹತ್ತಿರದ್ದು ಎಂಬುದಕ್ಕೆ ಇದು ಸೂಚನೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರೆಯುವ ತಣ್ಣೀರಿನಲ್ಲಿ ಕೈಯಿಟ್ಟವರು ಬೈಗುಳದ ಪದವನ್ನು ಉಚ್ಚರಿಸುತ್ತಿದ್ದಾಗ ಹೆಚ್ಚು ಹೊತ್ತು ನೋವನ್ನು ತಡೆದುಕೊಂಡರು. ಎಡವಿದ ಕಾಲ್ಬೆರಳಿಗೆ ಬೈಗುಳ ಒಂದು ಬಗೆಯ ಔಷಧ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2024ರ ಮಾರ್ಚ್‌ನಲ್ಲಿ, ‘ಕಾಲೇಜ್ ರೊಮ್ಯಾನ್ಸ್’ ಎಂಬ ವೆಬ್ ಸರಣಿಯ ಪ್ರಕರಣದಲ್ಲಿ, ಹೊಲಸು ಬೈಗುಳವನ್ನೆಲ್ಲ ಅಶ್ಲೀಲವೆಂದು ಪರಿಗಣಿಸಲಾಗದು ಎಂದು ಹೇಳಿತು. ಅಕ್ಷರಾರ್ಥ ಲೈಂಗಿಕವಾಗಿದ್ದರೂ ಬಳಕೆಯಲ್ಲಿ ಅಂಥ ಮಾತು ಸಿಟ್ಟು, ಹತಾಶೆ, ಉದ್ವೇಗಗಳನ್ನಷ್ಟೇ ಹೊರಹಾಕುತ್ತದೆ ಎಂಬುದು ಪೀಠದ ವಿವೇಚನೆಯಾಗಿತ್ತು.

ಪರಭಾಷೆಯ ಬೈಗುಳ ನಾಲಿಗೆಗೆ ಹಗುರ ಎಂಬುದೂ ಎಲ್ಲರ ಅನುಭವ. ಬೆಂಗಳೂರಿನ ಸುಶಿಕ್ಷಿತ ಕುಟುಂಬಗಳಲ್ಲಿ ಮಕ್ಕಳು ಅಪ್ಪ ಅಮ್ಮನ ಎದುರಿನಲ್ಲೇ ನಿರಾಯಾಸವಾಗಿ ಆಡುವ ಇಂಗ್ಲಿಷ್ ಬೈಗುಳವನ್ನು ಕನ್ನಡಕ್ಕೆ ತಿರುಗಿಸಿದರೆ ಊಟದ ಮೇಜು ಸ್ತಬ್ಧವಾದೀತು. ಬಾಲ್ಯದಲ್ಲಿ ಗದರಿಕೆಯ ಜೊತೆಗೆ ಕಲಿತ ನಿಷೇಧ ಮಾತೃಭಾಷೆಗೆ ಮಾತ್ರ ಅಂಟಿಕೊಂಡಿರುತ್ತದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಬೈಗುಳ ಸವೆಯುವುದು ಬೈಯುವವನ ನಾಲಿಗೆಯ ಮೇಲೆ. ಎಲ್ಲರ ಕಿವಿಯಲ್ಲೂ ಅದು ಹಾಗೆಯೇ ಸವೆದಿರಬೇಕೆಂದಿಲ್ಲ. ‘ಸೂಳೆಯ ಮಗ’ ಎಂಬುದು ಹೆಚ್ಚಿನವರಿಗೆ ಸಿಟ್ಟಿನ ಉದ್ಗಾರ. ಉತ್ತರ ಕರ್ನಾಟಕದ ದೇವದಾಸಿಯ ಮಗನಿಗೆ ಅದು ತನ್ನ ಬದುಕಿನ ವರ್ಣನೆ. ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ ರೂಪಿಸಿದ್ದು 1982ರಲ್ಲಿ. ಆದರೂ ಶಾಲೆಯ ಅರ್ಜಿಯಲ್ಲಿನ ‘ತಂದೆಯ ಹೆಸರು’ ಎಂಬ ಖಾನೆಯ ಮುಂದೆ ಲೇಖನಿ ಹಿಡಿದು ತಡವರಿಸಿದ ಮಕ್ಕಳಿದ್ದಾರೆ. ಆ ಮಗು ಆಟದ ಬಯಲಿನಲ್ಲಿ ಕೇಳಿಸಿಕೊಳ್ಳುವ ಬೈಗುಳ ಮತ್ತು ಪಕ್ಕದ ಮನೆಯ ಮಗು ಕೇಳಿಸಿಕೊಳ್ಳುವ ಬೈಗುಳ ಒಂದೇ ಅಲ್ಲ, ಅಕ್ಷರಗಳು ಒಂದೇ ಆಗಿದ್ದರೂ.

ಒಂದು ದಿನದ ಸ್ವಾತಂತ್ರ್ಯ

ಬೈಗುಳದ ಬಲಕ್ಕೂ ಸಾಮಾಜಿಕ ಶ್ರೇಣಿಗೂ ಇರುವ ನಂಟನ್ನು ಕೊಡಗಿನ ಒಂದು ಹಬ್ಬ ಬಹಳ ಚೆನ್ನಾಗಿ ತೋರಿಸಿಕೊಡುತ್ತದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ಮೊದಲಾದ ಆದಿವಾಸಿಗಳ ಹಬ್ಬವಿದು. ಗಂಡಸರು ಹೆಣ್ಣಿನ ಉಡುಗೆ ತೊಟ್ಟು, ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬುರುಡೆಗಳನ್ನು ಬಡಿಯುತ್ತ ಪೇಟೆಬೀದಿಗಳಲ್ಲಿ ಸಾಗುತ್ತಾರೆ. ದಾರಿಹೋಕರನ್ನೂ ವಾಹನಗಳನ್ನೂ ತಡೆದು, ಮನದಣಿಯೆ ಬೈದು, ಕಾಣಿಕೆ ಕೇಳುತ್ತಾರೆ. ಸಂಜೆ ದೇವರಪುರದಲ್ಲಿ ದೇವರನ್ನೂ ಬೈಯುತ್ತಾರೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಗೆ ಮನಸೋತು ತಮ್ಮನ್ನು ನಡುಕಾಡಿನಲ್ಲಿ ಕೈಬಿಟ್ಟ ಎಂಬುದು ಅವರ ಐತಿಹ್ಯ. ಆ ಸಿಟ್ಟೇ ಬೈಗುಳವಾಗಿ ಹರಿಯುತ್ತದೆ. ಕೊನೆಗೆ ತಪ್ಪಾಯಿತೆಂದು ಅದೇ ದೇವರಲ್ಲಿ ಬೇಡಿಕೊಂಡು ಮರಳುತ್ತಾರೆ.

ಈ ಬೈಗುಳಕ್ಕೆ ಅಂದು ಯಾರೂ ಕೆರಳುವುದಿಲ್ಲ. ವರ್ಷವಿಡೀ ಇದೇ ಜನರನ್ನು ಕಾಫಿ ತೋಟದಲ್ಲಿ ಕೂಲಿಗೆ ದುಡಿಸಿಕೊಳ್ಳುವ ಸಾಹುಕಾರರೂ ನಗುತ್ತ ಜೇಬಿಗೆ ಕೈಹಾಕುತ್ತಾರೆ. ಬೈಗುಳದ ಪದಗಳು ಅವೇ, ನಾಲಿಗೆಗಳೂ ಅವೇ. ಮರುದಿನ ಬೆಳಿಗ್ಗೆ ತೋಟದ ಗೇಟಿನಲ್ಲಿ ಅದೇ ಕೂಲಿಯಾಳು ಅದೇ ಧಣಿಗೆ ಅದೇ ಮಾತು ಆಡಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನದ ಮಟ್ಟಿಗೆ ಶ್ರೇಣಿಯನ್ನು ತಲೆಕೆಳಗು ಮಾಡಲು ಎಲ್ಲರೂ ಒಪ್ಪಿರುವುದರಿಂದ ಆ ದಿನದ ಬೈಗುಳ ಆಟವಾಗುತ್ತದೆ. ಇನ್ನೂ ಒಂದು ಸಂಗತಿಯಿದೆ. ಅಲ್ಲಿ ಬೈಗುಳ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮೇಲಿರುವವನಿಗೆ ಅದನ್ನು ನಕ್ಕು ಸಹಿಸುವ ಅನುಕೂಲವಿದೆ. ನಾಳೆ ಅವನ ಸ್ಥಾನ ಅವನಿಗೆ ಮರಳುತ್ತದೆ. ಮೇಲಿನಿಂದ ಕೆಳಕ್ಕೆ ಬೀಳುವ ನಿಂದೆಗೆ ಇಂಥ ಮರುದಿನವಿಲ್ಲ.

ಸವೆಯದ ಹೆಸರುಗಳು

ಜಾತಿನಿಂದೆ ಬೇರೆ ಬೈಗುಳಗಳಂತಲ್ಲ ಎನ್ನುವುದು ಈ ಕಾರಣಕ್ಕೆ. ತಾಯಿಯ ಹೆಸರಿನ ಬೈಗುಳ ಯಾರಿಗೂ ಬೀಳಬಹುದು, ಯಾರಿಂದಲೂ ಬೀಳಬಹುದು. ಜಾತಿಯ ಬೈಗುಳ ಹಾಗಲ್ಲ. ಅಸ್ಪೃಶ್ಯತೆಯ ಭಾರ ಹೊತ್ತ ಸಮುದಾಯಗಳ ಹೆಸರುಗಳೇ ಭಾಷೆಯಲ್ಲಿ ಬೈಗುಳಗಳಾಗಿವೆ. ಕೊಳಕು, ಕ್ರೌರ್ಯ, ನೀಚತನ ಯಾವುದನ್ನು ಹೇಳಬೇಕಾದರೂ ಅವುಗಳತ್ತ ಕೈಚಾಚುವ ಅಭ್ಯಾಸ ನಮ್ಮದು. ‘ಚಂಡಾಲ’ ಎಂದು ಮಗನನ್ನು ಗದರುವ ತಾಯಿಗೆ ತಾನು ಒಂದು ಜನವರ್ಗವನ್ನು ನಿಂದಿಸುತ್ತಿದ್ದೇನೆಂಬ ಅರಿವೂ ಇರುವುದಿಲ್ಲ. ಮೇಲ್ಜಾತಿಯೊಂದರ ಹೆಸರನ್ನು ಹಿಡಿದು ಲೇವಡಿ ಮಾಡುವವರಿಲ್ಲವೇ ಎಂದು ಕೇಳಬಹುದು. ಇದ್ದಾರೆ, ಆ ಲೇವಡಿಯೂ ಸಭ್ಯವಲ್ಲ. ಆದರೆ ಅದನ್ನು ಕೇಳಿಸಿಕೊಂಡವನಿಗೆ ಬಾವಿಯ ನೀರು, ಬಾಡಿಗೆಯ ಮನೆ, ಗುಡಿಯ ಬಾಗಿಲು ಇಲ್ಲವಾದ ಚರಿತ್ರೆ ಇಲ್ಲ. ಜಾತಿನಿಂದೆಯನ್ನು ಅಪಾಯಕಾರಿಯಾಗಿಸುವುದು ಅದರ ಹಿಂದಿರುವ ಆ ಮುಚ್ಚಿದ ಬಾಗಿಲುಗಳು.

ಸರ್ವೋಚ್ಚ ನ್ಯಾಯಾಲಯ ಈ ಸೂಕ್ಷ್ಮವನ್ನು 2008ರಲ್ಲಿ ಗುರುತಿಸಿತು. ಉತ್ತರ ಭಾರತದ ಪರಿಶಿಷ್ಟ ಜಾತಿಯೊಂದರ ಹೆಸರಾದ ‘ಚಮಾರ್’ ಎಂಬ ಪದದಿಂದ ಒಬ್ಬ ವ್ಯಕ್ತಿಯನ್ನು ಹೀಯಾಳಿಸಿದ ಪ್ರಕರಣ ಅದು. ಅದು ಒಂದು ಜಾತಿಯ ಹೆಸರಷ್ಟೇ ಅಲ್ಲವೇ ಎಂಬ ವಾದವನ್ನು ನ್ಯಾಯಮೂರ್ತಿಗಳಾದ ಅಲ್ತಮಸ್ ಕಬೀರ್ ಮತ್ತು ಮಾರ್ಕಂಡೇಯ ಕಾಟ್ಜು ಅವರ ಪೀಠ ಒಪ್ಪಲಿಲ್ಲ. ಪದದ ವ್ಯುತ್ಪತ್ತಿಯನ್ನಷ್ಟೇ ನೋಡದೆ ಜನಬಳಕೆಯಲ್ಲಿ ಅದು ಪಡೆದಿರುವ ಅರ್ಥವನ್ನು ನೋಡಬೇಕು ಎಂದು ಪೀಠ ಹೇಳಿತು. ಅವಮಾನಿಸುವ ಉದ್ದೇಶದಿಂದ ಹಾಗೆ ಕರೆಯುವುದು ಅಪರಾಧವೆಂದು ಸ್ಪಷ್ಟಪಡಿಸಿತು. ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಉದ್ದೇಶಪೂರ್ವಕ ಅವಮಾನ ಅದರಲ್ಲಿ ಮೊದಲಿನಿಂದಲೂ ಅಪರಾಧವೇ ಆಗಿತ್ತು. 2015ರ ತಿದ್ದುಪಡಿ, ಸಾರ್ವಜನಿಕರ ಕಣ್ಣೆದುರು ಜಾತಿಯ ಹೆಸರು ಹಿಡಿದು ಬೈಯುವುದನ್ನು ಪ್ರತ್ಯೇಕ ಅಪರಾಧವೆಂದು ಸೇರಿಸಿತು. ನಾಲ್ಕು ಗೋಡೆಗಳ ನಡುವೆ, ಹೊರಗಿನ ಸಾಕ್ಷಿಗಳಿಲ್ಲದೆ ಆಡಿದ ಮಾತಿಗೆ ಈ ಕಲಮು ಅನ್ವಯಿಸದು ಎಂದು 2020ರ ಇನ್ನೊಂದು ತೀರ್ಪು ಹೇಳಿದೆ. ಅವಮಾನಕ್ಕೆ ನೋಡುವ ಕಣ್ಣುಗಳು ಬೇಕು ಎಂಬುದು ಕಾನೂನಿನ ಗ್ರಹಿಕೆ. ಅದು ಬಹುಮಟ್ಟಿಗೆ ಸರಿ. ಆದರೆ ಜಗಲಿಯ ಒಳಗೆ ನಡೆದದ್ದು ಜಗಲಿಯ ಒಳಗೇ ಉಳಿಯುವ ಊರುಗಳಲ್ಲಿ ಸಾಕ್ಷಿಗಳೆಲ್ಲ ಒಂದೇ ಕಡೆಯವರಾಗಿರುತ್ತಾರೆ ಎಂಬುದೂ ನಿಜ.

ಕನ್ನಡದಲ್ಲಿ ಅವಮಾನಿಸಲು ಬೈಗುಳದ ಪದವೇ ಬೇಕಾಗಿಲ್ಲ, ವ್ಯಾಕರಣವೇ ಸಾಕು. ‘ಏಕವಚನದಲ್ಲಿ ಮಾತನಾಡಿಸಿದರು’ ಎಂಬುದು ನಮ್ಮಲ್ಲಿ ಒಂದು ದೂರು, ಒಂದು ಸುದ್ದಿ, ಶಾಸನಸಭೆಯಲ್ಲಿ ಗದ್ದಲಕ್ಕೆ ಸಾಕಾಗುವ ಕಾರಣ. ಗಣ್ಯರೊಬ್ಬರು ಇನ್ನೊಬ್ಬ ಗಣ್ಯರನ್ನು ‘ನೀನು’ ಎಂದರೆ ಮರುದಿನ ಪತ್ರಿಕೆಯಲ್ಲಿ ಶೀರ್ಷಿಕೆಯಾಗುತ್ತದೆ. ಆದರೆ ಎಪ್ಪತ್ತು ವರ್ಷದ ಕೂಲಿಯಾಳನ್ನು ಹತ್ತು ವರ್ಷದ ಧಣಿಯ ಮಗ ‘ಬಾರೋ’ ಎಂದು ಕರೆದದ್ದು ಎಂದೂ ಸುದ್ದಿಯಾಗಲಿಲ್ಲ. ಧಣಿಯ ಬಾಯಲ್ಲಿ ಕಾಳಯ್ಯ ಕಾಳನಾದ, ಮಾರಯ್ಯ ಮಾರನಾದ. ಅಯ್ಯ ಎಂಬ ಎರಡಕ್ಷರವನ್ನು ಕಿತ್ತುಕೊಂಡದ್ದರಲ್ಲಿ ಯಾವ ಅವಾಚ್ಯ ಶಬ್ದವೂ ಇಲ್ಲ; ಆದರೂ ಅದು ಮುದುಕನ ಮೊಮ್ಮಕ್ಕಳಿಗೆ ಅವರ ಜಾಗ ಯಾವುದೆಂದು ದಿನವೂ ತಿಳಿಸಿಕೊಡುತ್ತಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ವಚನಕಾರರು ಕುಲಕಸುಬಿನ ಹೆಸರಿನ ಜೊತೆಗೇ ‘ಅಯ್ಯ’ನನ್ನು ಸೇರಿಸಿ ಕರೆದದ್ದು ಎಂಥ ದೊಡ್ಡ ಮಾತು ಎಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಹೆಸರು ಬದಲಿಸಿದರೆ ಸಾಕೇ?

ಹಳೆಯ ಹೆಸರು ನೋಯಿಸಿದರೆ ಹೊಸ ಹೆಸರು ಕೊಡೋಣ ಎಂಬುದು ಸದುದ್ದೇಶದ ಪರಿಹಾರ. ಗಾಂಧೀಜಿ ‘ಹರಿಜನ’ ಎಂಬ ಪದವನ್ನು ಪ್ರಚಾರಕ್ಕೆ ತಂದದ್ದು ಇದೇ ಭಾವನೆಯಿಂದ. 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಆರಂಭಿಸಿದರು. ಆದರೆ ಆ ಹೆಸರನ್ನು ಪಡೆದವರು ಅದನ್ನು ಕೇಳಿರಲಿಲ್ಲ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆಯೊಂದರಲ್ಲಿ ಈ ಪದವನ್ನು ಸೇರಿಸಿದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರು ವಿರೋಧಿಸಿ, ತಮ್ಮ ಪಕ್ಷದ ಸದಸ್ಯರೊಂದಿಗೆ ಸಭೆಯಿಂದ ಹೊರನಡೆದರು. ಬಾಳಿನಲ್ಲಿ ಏನೂ ಬದಲಾಗದೆ ಹೆಸರಷ್ಟೇ ಚೆಂದವಾದರೆ ಪ್ರಯೋಜನವೇನು ಎಂಬ ಪ್ರಶ್ನೆ ಆ ನಿರ್ಗಮನದಲ್ಲಿತ್ತು. ಕಾಲ ಅವರ ಸಂಶಯವನ್ನು ನಿಜ ಮಾಡಿತು. ದೇವರ ಮಕ್ಕಳೆಂಬ ಅರ್ಥದ ಆ ಪದವೇ ಹೀಯಾಳಿಕೆಯ ಧ್ವನಿ ಪಡೆಯಿತು. ಜಾತಿ ಪ್ರಮಾಣಪತ್ರಗಳಲ್ಲಿ ಅದನ್ನು ಬಳಸದಂತೆ ಕೇಂದ್ರ ಸರ್ಕಾರ 1982ರಲ್ಲಿ ರಾಜ್ಯಗಳಿಗೆ ಸೂಚಿಸಬೇಕಾಯಿತು. ಅದನ್ನು ಅವಮಾನಕರ ಪದವಾಗಿ ಬಳಸಲಾಗುತ್ತಿದೆ ಎಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು.

ಅಂಗವೈಕಲ್ಯದ ಪದಗಳದೂ ಇದೇ ಕಥೆ. ಕುಂಟ, ಕುರುಡ, ಕಿವುಡ ಎಂಬ ಹಳಗಾಲದ ಪದಗಳು ಕಟುವೆನಿಸಿ ‘ಅಂಗವಿಕಲ’ ಬಂದಿತು. ಅದು ಸಾಲದೆ ‘ವಿಕಲಚೇತನ’ ಬಂದಿತು. ದೇಹದ ಕೊರತೆಯನ್ನು ಚೇತನದ ಕೊರತೆಯಾಗಿಸಿದ ಈ ಪದ ಹಿಂದಿನದಕ್ಕಿಂತ ಹೇಗೆ ಮೇಲು ಎಂಬುದು ಚರ್ಚಾಸ್ಪದ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ‘ದಿವ್ಯಾಂಗ’ ಎಂಬುದನ್ನು ಸೂಚಿಸಿದರು. ‘ವಿಶೇಷಚೇತನ’ವೂ ಚಾಲ್ತಿಯಲ್ಲಿದೆ. ಇಷ್ಟು ಹೆಸರುಗಳು ಬಂದು ಹೋದರೂ ಗಾಲಿಕುರ್ಚಿ ಹತ್ತಿಸಬಲ್ಲ ಬಸ್ಸುಗಳು ವಿರಳವಾಗಿಯೇ ಇವೆ. ಅತ್ತ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ‘ಕಿವುಡು ಸರ್ಕಾರ’, ‘ಕುರುಡು ಆಡಳಿತ’ ಎಂಬ ಟೀಕೆಗಳು ಈಗಲೂ ಸಲೀಸಾಗಿ ಅಚ್ಚಾಗುತ್ತವೆ.

ಹೆಸರು ಬದಲಿಸುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಹೊಸ ಹೆಸರು ಸ್ವಲ್ಪ ಕಾಲದ ಬಿಡುವು ಕೊಡುತ್ತದೆ. ಮಾತನಾಡುವವನನ್ನು ಒಂದು ಕ್ಷಣ ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ಆದರೆ ಸಂಬಂಧ ಬದಲಾಗದಿದ್ದರೆ ಹಳೆಯ ಹೆಸರಿನ ಕೊಳೆ ಹೊಸ ಹೆಸರಿಗೂ ಹತ್ತುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯೊಂದನ್ನು ಕನ್ನಡದ ದಲಿತ ಸಾಹಿತ್ಯ ಹಿಡಿಯಿತು. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಕವನ ಸಂಕಲನಕ್ಕೆ ಇಟ್ಟ ಹೆಸರು ‘ಹೊಲೆಮಾದಿಗರ ಹಾಡು’. ಮೀಸಲಾತಿಯಿಂದ ಓದಿ ಮುಂದೆ ಬಂದವರನ್ನು ಚುಚ್ಚಲು ಬಳಕೆಯಾಗುತ್ತಿದ್ದ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಮಾತನ್ನು ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನದ ಹೆಸರಾಗಿಸಿದರು. ಎಸೆದ ಕಲ್ಲನ್ನು ಹಿಡಿದು ತಮ್ಮ ಮನೆಯ ಮೆಟ್ಟಿಲಾಗಿಸಿಕೊಂಡ ಧೈರ್ಯವಿದು. ಜೋಗತಿ ಎಂಬ ಹೆಸರನ್ನು ಬಿಡದೆಯೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರೂ ಇದೇ ಸಾಲಿಗೆ ಸೇರುತ್ತಾರೆ. ಆದರೆ ಹೀಗೆ ಮರಳಿ ಪಡೆದ ಪದ ಪಡೆದವರದೇ. ಅವರೇ ಹಾಗೆ ಕರೆದುಕೊಳ್ಳುತ್ತಾರಲ್ಲ, ನಾವು ಕರೆದರೆ ತಪ್ಪೇನು ಎಂಬ ಪ್ರಶ್ನೆಯನ್ನು ಮುಗ್ಧವೆನ್ನಲಾಗದು. ಅದೇ ಮಾತನ್ನು ಶ್ರೇಣಿಯ ಇನ್ನೊಂದು ಮೆಟ್ಟಿಲಿನಿಂದ ಆಡಿದಾಗ ಅದು ಮತ್ತೆ ಹಳೆಯ ಕಲ್ಲೇ ಆಗುತ್ತದೆ.

ಎರಡು ಆಕ್ಷೇಪಗಳು

ಇಷ್ಟೆಲ್ಲ ಹೇಳಿದ ಮೇಲೆ ಎರಡು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು, ಇಂದಿನವರಿಗೆ ಚರ್ಮ ತೆಳುವಾಗಿದೆ, ಯಾವ ಮಾತಾಡಿದರೂ ನೋವಾಗುತ್ತದೆ ಎಂಬುದು. ಭಾವನೆಗೆ ಧಕ್ಕೆಯಾಯಿತೆಂದು ಪುಸ್ತಕ, ಸಿನಿಮಾ, ಉಪನ್ಯಾಸಗಳ ಮೇಲೆ ಮುಗಿಬೀಳುವ ಪ್ರವೃತ್ತಿ ಬೆಳೆದಿರುವುದು ಸುಳ್ಳಲ್ಲ. ಆದರೆ ಇಲ್ಲಿ ಒಂದು ಭೇದವನ್ನು ಮಾಡಲೇಬೇಕು. ನನ್ನ ನಂಬಿಕೆಯನ್ನು ಟೀಕಿಸಿದ ಮಾತು ನನಗೆ ಒಗ್ಗದಿರಬಹುದು. ಅದರಿಂದ ನಾನು ಮನುಷ್ಯನ ಸ್ಥಾನದಿಂದ ಕೆಳಗಿಳಿಯುವುದಿಲ್ಲ, ಅದಕ್ಕೆ ಉತ್ತರ ಕೊಡಬಲ್ಲೆ. ನನ್ನ ಹುಟ್ಟನ್ನು ಹಿಡಿದು ಹೀಯಾಳಿಸಿದ ಮಾತಿಗೆ ಉತ್ತರವೇ ಇಲ್ಲ, ಏಕೆಂದರೆ ಅದು ವಾದವಲ್ಲ. ‘ನೀನು ಹೇಳಿದ್ದು ತಪ್ಪು’ ಎಂಬುದು ಚರ್ಚೆಯ ಆರಂಭ. ‘ನೀನು ಇಂಥವನು’ ಎಂಬುದು ಚರ್ಚೆಯ ಬಾಗಿಲು ಮುಚ್ಚುವ ಕ್ರಮ.

ಎರಡನೆಯದು ಸಾಹಿತ್ಯದ ಕಡೆಯಿಂದ ಬರುವ ಆಕ್ಷೇಪ. ಇಂಥ ಪದಗಳನ್ನೆಲ್ಲ ಅಳಿಸಿದರೆ ಕಥೆ, ಕಾದಂಬರಿಗಳ ಗತಿಯೇನು? ಈ ಆತಂಕ ನ್ಯಾಯವಾದದ್ದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಒಡೆಯರು ತಮ್ಮ ಜೀತದಾಳುಗಳನ್ನು ಸಭ್ಯ ಕನ್ನಡದಲ್ಲಿ ಮಾತನಾಡಿಸಿದ್ದರೆ ಆ ಕಾದಂಬರಿ ಮಲೆನಾಡಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತಿತ್ತು. ಪದವನ್ನು ಬಳಸುವುದು ಬೇರೆ, ಪದ ಬಳಕೆಯಾದದ್ದನ್ನು ತೋರಿಸುವುದು ಬೇರೆ. ಎರಡನೆಯದನ್ನು ನಿಷೇಧಿಸಿದರೆ ನೋವಿನ ದಾಖಲೆಯೇ ಅಳಿದುಹೋಗುತ್ತದೆ, ನೋವು ಕೊಟ್ಟವರಿಗೆ ಅದರಿಂದ ಅನುಕೂಲವೇ ಹೆಚ್ಚು. ‘ಅವಾಚ್ಯ ಶಬ್ದ’ ಎಂಬ ಪರದೆಯಲ್ಲೂ ಈ ಅಪಾಯವಿದೆ. ತಾಯಿಯನ್ನು ಬೈದದ್ದು, ಜಾತಿಯನ್ನು ಹಿಡಿದು ಬೈದದ್ದು, ಬರೀ ಸಿಟ್ಟಿನಲ್ಲಿ ಕೂಗಾಡಿದ್ದು, ಮೂರನ್ನೂ ಅದು ಒಂದೇ ಬಟ್ಟೆಯಲ್ಲಿ ಸುತ್ತಿಬಿಡುತ್ತದೆ. ಆ ಪೈಕಿ ಯಾವುದು ನಡೆಯಿತು ಎಂಬುದು ಓದುಗನಿಗೆ ತಿಳಿಯಬೇಕಾದ ಸಂಗತಿ.

ಉದ್ದೇಶದ ಮಾತನ್ನೂ ಇಲ್ಲಿಯೇ ಮುಗಿಸಬೇಕು. ‘ನನಗೆ ನೋಯಿಸುವ ಉದ್ದೇಶವಿರಲಿಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ. ಶಿಕ್ಷೆ ವಿಧಿಸುವಾಗ ನ್ಯಾಯಾಲಯ ಉದ್ದೇಶವನ್ನು ತೂಗಲೇಬೇಕು. ಆದರೆ ನ್ಯಾಯಾಲಯದ ಹೊರಗೆ, ಮನೆ, ಕಚೇರಿ, ಶಾಲೆಗಳಲ್ಲಿ, ಅದೊಂದೇ ಅಳತೆಗೋಲಾಗಲಾರದು. ಉದ್ದೇಶ ಆಡಿದವನದು, ಪದ ಮಾತ್ರ ಅವನೊಬ್ಬನದಲ್ಲ. ಅದು ಅವನಿಗಿಂತ ಹಳೆಯದು, ತನ್ನ ಜೊತೆಗೆ ಬೋಳಿಸಿದ ತಲೆಗಳನ್ನೂ ಊರಾಚೆಯ ಕೇರಿಗಳನ್ನೂ ಹೊತ್ತು ತಂದಿರುತ್ತದೆ. ಅದು ನೋಯಿಸಿತೇ ಎಂದು ಹೇಳಬಲ್ಲವರು ಕೇಳಿಸಿಕೊಂಡವರು.

ನಗರದ ಸುಶಿಕ್ಷಿತ ಮನೆಗಳಲ್ಲಿ ಇಂದು ಜಾತಿಯ ಬೈಗುಳ ಕೇಳಿಬರುವುದು ಅಪರೂಪ. ಅದು ಒಳ್ಳೆಯದೇ. ಆದರೆ ಅದೇ ಬಡಾವಣೆಗಳಲ್ಲಿ ಬೆಳಿಗ್ಗೆ ಗಾಡಿಯ ಸದ್ದಾದೊಡನೆ ಒಳಗಿನಿಂದ ಬರುವ ಕೂಗನ್ನು ಕೇಳಿಸಿಕೊಳ್ಳಬೇಕು: ‘ಕಸದವನು ಬಂದ’. ಕಡತದಲ್ಲಿ ಅವನು ಪೌರಕಾರ್ಮಿಕ. ಭಾಷಣಗಳಲ್ಲಿ, ಸನ್ಮಾನದ ಫಲಕಗಳಲ್ಲಿ ಆ ಹೆಸರು ಮಿಂಚುತ್ತದೆ. ಕಸ ನಮ್ಮ ಮನೆಯದು, ಅದನ್ನು ಒಯ್ಯುವವನು ಅವನು. ಹೆಸರಿನಲ್ಲಿ ಮಾತ್ರ ಕಸ ಅವನ ಪಾಲಾಗಿದೆ, ವಚನ ಏಕವಾಗಿದೆ. ಈ ಮಾತು ಯಾವ ಅವಾಚ್ಯ ಶಬ್ದಗಳ ಪಟ್ಟಿಯಲ್ಲೂ ಇಲ್ಲ. ಇದರ ಮೇಲೆ ಯಾರೂ ದೂರು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಬಾಗಿಲ ಬಳಿ ನಿಂತ ಮನುಷ್ಯನಿಗೆ ಅದು ಕೇಳಿಸುತ್ತದೆ. ಅದನ್ನು ತಿದ್ದಿಕೊಳ್ಳಲು ಕಾಯ್ದೆ, ತೀರ್ಪು ಯಾವುದೂ ಬೇಕಿಲ್ಲ. ಅವರ ಹೆಸರೇನೆಂದು ಕೇಳಿ ತಿಳಿದುಕೊಂಡರೆ ಸಾಕು.